ಜೋಗಮ್ಮನ ಒಲೆಯ ಹೊಗೆ

ಜಾಲಿಗಡ್ಡಿಯವರಿಗೆ ಹೊಳೆಯ ಭಯವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಭಯ ಇತ್ತು, ಹೊಟ್ಟೆ ತುಂಬ ಇತ್ತು. ಆದರೆ ಭಯಪಡುವ ಕೆಲಸವನ್ನು ಒಬ್ಬಳೇ ಒಬ್ಬ ಹೆಂಗಸಿಗೆ ವಹಿಸಿಕೊಟ್ಟು ಉಳಿದವರು ನಿಶ್ಚಿಂತೆಯಾಗಿ ಉಂಡು ಮಲಗುತ್ತಿದ್ದರು. ಆ ಹೆಂಗಸಿನ ಹೆಸರು ಜೋಗಮ್ಮ.

ಲಿಂಗಸುಗೂರು ತಾಲ್ಲೂಕಿನ ಅಂಚಿನಲ್ಲಿ ಕೃಷ್ಣಾ ಹೊಳೆ ಎರಡಾಗಿ ಸೀಳಿ ಮತ್ತೆ ಕೂಡುವ ಕಡೆ ನಡುಗಡ್ಡೆಗಳಿವೆ. ಅಂಥದೊಂದು ಈ ಜಾಲಿಗಡ್ಡಿ. ಕೈಬೆರಳಲ್ಲಿ ಎಣಿಸಿ ಮುಗಿಸಬಹುದಾದಷ್ಟು ಮನೆ, ಒಂದಿಷ್ಟು ಸಜ್ಜೆ ಹೊಲ, ಕುರಿ, ಮೇಕೆ, ಮೀನಿನ ಬಲೆ. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದು, ಮಳೆಗಾಲದಲ್ಲಿ ಹರಿಗೋಲೇ ಗತಿ. ಮೇಲಿನ ಡ್ಯಾಮಿನ ಗೇಟು ಎತ್ತಿ ಬಿಟ್ಟ ನೀರು ಪೂರಾ ಬಂದು ಮುಟ್ಟಿದರೆ ಹರಿಗೋಲೂ ನಡೆಯುವುದಿಲ್ಲ. ಅಷ್ಟರೊಳಗೆ ಗಡ್ಡಿ ಬಿಡಬೇಕು. ಈಗ ಬಿಡಬೇಕೋ, ನಾಳೆ ನೋಡೋಣವೋ ಎನ್ನುವುದು ಅಲ್ಲಿನವರ ಪ್ರತಿ ವರ್ಷದ ತಲೆನೋವು.

ಸರ್ಕಾರದವರು ಹೇಳುವುದಿಲ್ಲ ಎಂದಲ್ಲ. ಆಚೆ ದಂಡೆಗೆ ಜೀಪು ಬರುತ್ತದೆ, ಮೈಕಿನಲ್ಲಿ ಇಷ್ಟು ಲಕ್ಷ ಕ್ಯೂಸೆಕ್ ನೀರು ಬಿಟ್ಟಿದ್ದೇವೆ, ಸುರಕ್ಷಿತ ಸ್ಥಳಕ್ಕೆ ತೆರಳಿ ಎಂದು ಕೂಗುತ್ತದೆ. ಮೀನು ಹಿಡಿದು ಮಸ್ಕಿ ಸಂತೆಗೆ ಒಯ್ಯುತ್ತಿದ್ದ ಲಾಲ್‌ಸಾಬ್ ಒಮ್ಮೆ ದಂಡೆಗೇ ಹೋಗಿ, "ಸಾಹೇಬ್ರ, ಒಂದು ಕ್ಯೂಸೆಕ್ ಅಂದ್ರ ಎಷ್ಟು ಕೊಡ?" ಎಂದು ಕೇಳಿದ್ದ. ಸಾಹೇಬರು ನಕ್ಕರು, ಇವನೂ ನಕ್ಕ, ಮಾತು ಅಲ್ಲಿಗೇ ಮುಗಿಯಿತು. ಎರಡು ವರ್ಷ ಜೀಪಿನ ಮಾತು ಕೇಳಿ ಎದ್ದುಹೋಗಿ ಆಚೆ ದಂಡೆಯ ಕನ್ನಡ ಸಾಲಿಯ ಕೋಣೆಯಲ್ಲಿ ಉಪ್ಪಿಟ್ಟು ತಿನ್ನುತ್ತ ಸೊಳ್ಳೆ ಹೊಡೆದದ್ದಷ್ಟೇ ಬಂತು, ಹೊಳೆ ಅಂಗಳಕ್ಕೂ ಬರಲಿಲ್ಲ. ಮೇಕೆಗಳನ್ನು ಒಳಗೆ ಬಿಡುವುದಿಲ್ಲ ಎಂಬ ತಕರಾರು ಬೇರೆ. ಮೇಕೆ ಬಿಟ್ಟು ಬನ್ನಿ ಎಂದರೆ ಯಾವ ಹೆಂಗಸು ಬಂದಾಳು? ಆಮೇಲೆ ಜೀಪು ಕೂಗಿದರೆ, ಪಾಪ ಅವರ ನೌಕರಿ, ಕೂಗಲಿ ಬಿಡು ಎನ್ನುವಂತಾಯಿತು.

ಅವರು ನಂಬುತ್ತಿದ್ದದ್ದು ಜೋಗಮ್ಮನ ಒಲೆಯ ಹೊಗೆಯನ್ನು. ಅವಳ ಮನೆ ಗಡ್ಡಿಯ ಮೇಲಿನ ತುದಿಯಲ್ಲಿ, ಎತ್ತರದ ದಿಬ್ಬದ ಮೇಲಿತ್ತು. ಹೊಳೆ ಮೊದಲು ಕಾಣುವುದು ಆ ಮನೆಗೆ. ಕೆಂಡವಿರುವ ಒಲೆಯನ್ನು ಬಿಟ್ಟು ಹೊಸ್ತಿಲು ದಾಟಬಾರದು ಎಂಬುದು ಅವಳ ಅತ್ತೆಯ ಕಾಲದ ಕಟ್ಟಳೆ. ಹೊಳೆ ಕೆಟ್ಟಿತು ಅನ್ನಿಸಿದ ದಿನ ಅತ್ತೆ ಕಟ್ಟಿಗೆ ಹೊರಗೆಳೆದು, ಒಲೆಗೆ ನೀರು ಸುರಿದು, ಕೋಳಿಬುಟ್ಟಿ ಹೊತ್ತು ಹೊರಡುತ್ತಿದ್ದಳು. ಮಾಳಿಗೆಯ ಬೆಳಕಿಂಡಿಯಲ್ಲಿ ಹೊಗೆ ನಿಂತದ್ದನ್ನು ಕೆಳಗಿನ ಮನೆಗಳವರು ನೋಡಿ ತಾವೂ ಗಂಟು ಕಟ್ಟುತ್ತಿದ್ದರು. ಯಾರೂ ಕೂತು ಮಾಡಿದ ಠರಾವಲ್ಲ ಇದು, ತಾನಾಗಿಯೇ ಬೇರುಬಿಟ್ಟ ಪದ್ಧತಿ. ಹೊಗೆ ಇದ್ದರೆ ಜೋಗಮ್ಮ ಇದ್ದಾಳೆ, ಜೋಗಮ್ಮ ಇದ್ದರೆ ಹೊಳೆ ಬರುವುದಿಲ್ಲ.

ಜೋಗಮ್ಮನ ತವರು ಸಿಂಧನೂರು ಕಡೆಯ ಸಾಲಗುಂದ. ಕಾಲುವೆ ನೀರಿನ ಸೀಮೆ, ಎಲ್ಲಿ ನೋಡಿದರೂ ಭತ್ತದ ಗದ್ದೆ. ಅಲ್ಲಿ ನೀರು ಹೇಳಿದ ಮಾತು ಕೇಳುತ್ತದೆ, ತೂಬು ತೆಗೆದರೆ ಬರುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಮುದುಕಪ್ಪನನ್ನು ಕಟ್ಟಿಕೊಂಡು ಗಡ್ಡಿಗೆ ಬಂದ ಮೇಲೆ ಮಾತು ಕೇಳದ ನೀರನ್ನು ಅವಳು ಮೊದಲ ಸಲ ನೋಡಿದ್ದು. ಒಂದು ಮುಂಜಾನೆ ಒಲೆಯ ಮುಂದೆ ಕೂತು ಕೇಳಿದಳು.

"ಅತ್ತಿ, ಹೊಳಿ ಬರ್ತದ ಅಂತ ನಿಮಗ ಹೆಂಗ ಗೊತ್ತಾಗ್ತದ?"

"ಹೊಟ್ಟ್ಯಾಗ ಕಲಸಿದಂಗ ಆಗ್ತದ."

"ಆಗಲಿಲ್ಲಂದ್ರ?"

"ಆಗಲಿಲ್ಲಂದ್ರ ಮುಳುಗ್ತೀವಿ. ರೊಟ್ಟಿ ಬಡಿ ಸುಮ್ನ."

ಅತ್ತೆ ಸತ್ತ ಮೇಲೆ ಒಲೆ ಜೋಗಮ್ಮನ ಪಾಲಿಗೆ ಬಂತು. ಒಲೆಯ ಜೊತೆಗೆ ಊರಿನ ಜೀವವೂ ಬಂತು. ಅವಳಿಗೆ ಹೊಳೆಯ ಬಗ್ಗೆ ಏನು ಗೊತ್ತಿತ್ತು ಎಂದರೆ, ಏನೂ ಇಲ್ಲ. ಮಳೆಗಾಲದ ಪ್ರತಿ ಮುಂಜಾನೆ ದಿಬ್ಬದಲ್ಲಿ ನಿಂತು ನೀರು ನೋಡುವಳು, ಹೊಟ್ಟೆ ಕಲಸುವಂತೆ ಅನ್ನಿಸುವುದು, ಅದು ಹೊಳೆಯಿಂದಲೋ ನಿನ್ನೆಯ ಪುಂಡಿಪಲ್ಯದಿಂದಲೋ ತಿಳಿಯುತ್ತಿರಲಿಲ್ಲ. ಹಲವು ಸಲ ಸರಿಯಾಯಿತು, ಕೆಲವು ಸಲ ತಪ್ಪಿತು. ತಪ್ಪಿದಾಗ, "ಜೋಗವ್ವಗ ಒಂದೀಟು ಅಜವಾನ ಕೊಡ್ರಿ" ಎಂದು ಲಾಲ್‌ಸಾಬ್ ಚೇಷ್ಟೆ ಮಾಡಿದ. ಒಂದು ಶ್ರಾವಣದಲ್ಲಿ ಜ್ವರ ಬಂದು ಅವಳು ಒಲೆ ಹಚ್ಚಲಿಲ್ಲ. ಬಾಗಿಲು ತೆರೆದು ನೋಡುತ್ತಾಳೆ, ಇಡೀ ಗಡ್ಡಿ ಗಂಟುಮೂಟೆ ಕಟ್ಟಿ, ಕೋಳಿ ಕಂಕುಳಲ್ಲಿ ಹಿಡಿದು ಹರಿಗೋಲಿನ ಕಟ್ಟೆಯಲ್ಲಿ ನಿಂತಿದೆ! ಅವತ್ತು ಅವಳಿಗೆ ಬಿದ್ದ ಬೈಗುಳ ಒಂದೆರಡಲ್ಲ. ಅಂದಿನಿಂದ ಜ್ವರವಿರಲಿ, ಉಪವಾಸವಿರಲಿ, ಮುಂಜಾನೆ ಒಲೆಗೆ ಬೆಂಕಿ ಬೀಳಲೇಬೇಕಿತ್ತು. ತವರಿನ ಮದುವೆಗೂ ಅವಳು ಮಳೆಗಾಲದಲ್ಲಿ ಹೋದವಳಲ್ಲ. ಅವಳಿಗೆ ಅದು ಸಾಕಾಗಿಹೋಗಿತ್ತು, ಆದರೆ ಸಾಕೆಂದು ಹೇಳುವುದಾದರೂ ಯಾರಿಗೆ?

ಹೇಳುತ್ತಿದ್ದುದು ಒಬ್ಬಳಿಗೆ ಮಾತ್ರ, ಲಾಲ್‌ಸಾಬನ ಹೆಂಡತಿ ರಾಜಾಬೀಗೆ. ಗಡ್ಡಿಯ ತೀರಾ ಕೆಳಗಿನ ತುದಿಯಲ್ಲಿ ಅವಳ ಮನೆ. ಇಬ್ಬರೂ ಒಂದೇ ವರ್ಷ ಮದುಮಕ್ಕಳಾಗಿ ಬಂದವರು, ಒಬ್ಬರ ಮಕ್ಕಳಿಗೆ ಇನ್ನೊಬ್ಬರು ಹಾಲು ಕುಡಿಸಿದವರು. ಮುದುಕಪ್ಪ ತೀರಿಕೊಂಡಾಗ ಜೋಗಮ್ಮನಿಗೆ ಮೂರು ಹೊತ್ತು ಬುತ್ತಿ ತಂದು ಎದುರಿಗೆ ಕೂತು ಉಣಿಸಿದವಳು ರಾಜಾಬೀ. ಯಾರನ್ನೂ ಹಸಿದು ಕೂರಲು ಬಿಡದ, ಒಂಟಿಯಾಗಿ ಕೂರಲು ಬಿಡದ ಜೀವ ಅದು. ಜೋಗಮ್ಮನಿಗೆ ಗಡ್ಡಿಯಲ್ಲಿ ಬಿಟ್ಟು ಬರಲಾಗದ್ದು ಏನಾದರೂ ಇದ್ದರೆ ಅದು ಈ ರಾಜಾಬೀ.

ಆದರೂ ಕಳೆದ ಬೇಸಿಗೆಯಲ್ಲಿ ಜೋಗಮ್ಮ ಗಡ್ಡಿ ಬಿಟ್ಟಳು. ಮಗ ದುರುಗೇಶ ಲಿಂಗಸುಗೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಸೊಸೆ ಸುಕನ್ಯಾ ಅಂಗನವಾಡಿ ಟೀಚರ್. ಅವರಿಗೆ ಹೆಣ್ಣುಮಗು ಹುಟ್ಟಿತು, ನೋಡಿಕೊಳ್ಳುವವರು ಬೇಕಾಯಿತು. ಹೊರಡುವ ದಿನ ಜೋಗಮ್ಮ ಒಲೆಯ ಬೂದಿ ಬಳಿದು, ಕೂರುವ ಮಣೆಯನ್ನು ಗೋಡೆಯ ಗೂಟಕ್ಕೆ ತೂಗಿಹಾಕಿ, ಬಾಗಿಲಿಗೆ ಬೀಗ ಜಡಿದಳು. "ಇನ್ನ ಮ್ಯಾಗ ಫೋನ್ ಕೇಳ್ರಿ, ಜೀಪು ಕೇಳ್ರಿ, ನನ್ನ ಹೊಗಿ ಹಾದಿ ನೋಡಬ್ಯಾಡ್ರಿ" ಎಂದು ಮನೆಮನೆಗೆ ಹೋಗಿ ಹೇಳಿದಳು. ಎಲ್ಲರೂ ಹೂಂ ಅಂದರು. ರಾಜಾಬೀ ಮಾತ್ರ ಅತ್ತಳು.

ಲಿಂಗಸುಗೂರಿನ ಮನೆಯಲ್ಲಿ ಗ್ಯಾಸು. ತಿರುವಿದರೆ ಹತ್ತುತ್ತದೆ, ಹೊಗೆಯಿಲ್ಲ. ಎಷ್ಟೋ ವರ್ಷದ ಮೇಲೆ ಜೋಗಮ್ಮ ಮಳೆಗಾಲದಲ್ಲಿ ಹೊತ್ತೇರುವ ತನಕ ಮಲಗಿದಳು.

ಶ್ರಾವಣದ ಒಂದು ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗ ಸುಕನ್ಯಾ ಫೋನು ಹಿಡಿದುಕೊಂಡು ಬಂದಳು. ಡ್ಯಾಮಿನ ಗೇಟುಗಳನ್ನೆಲ್ಲ ಎತ್ತಿದ್ದಾರಂತೆ, ಸಂಜೆಯೊಳಗೆ ನಡುಗಡ್ಡೆಗಳನ್ನು ಖಾಲಿ ಮಾಡಬೇಕಂತೆ. ಜೋಗಮ್ಮ ಎಣ್ಣೆಗೈಯಲ್ಲೇ ರಾಜಾಬೀಗೆ ಫೋನು ಹಚ್ಚಿಸಿದಳು.

"ರಾಜಾ, ಹೊಂಟ್ರೇನು?"

"ಎಲ್ಲಿಗೆ?"

"ಎಲ್ಲಿಗಂತ ಕೇಳ್ತಿ! ಹೊಳಿ ಬರಾಕತ್ತೈತಿ ಅಂತ. ಲಾಲ್‌ಸಾಬಗ ಎಬ್ಬಿಸಿಕೊಂಡು ಆಚಿ ದಂಡಿಗೆ ಹೋಗ್ರಿ."

ರಾಜಾಬೀ ನಕ್ಕಳು. "ನೀ ಒಳ್ಳೆ ಮಜಾಕ್ ಮಾಡ್ತಿ ನೋಡವ್ವಾ. ಒಲಿ ಹಚ್ಚಿಕೊಂಡು ನೀ ಆರಾಮ ಕುಂತಿ, ನಮಗ ಹೋಗ್ರಿ ಅಂತಿ. ಬಂದಾಕಿ ಮೊದಲ ನಮ್ಮ ಮನಿಗೆ ಬರಬಾರದೇನು?"

"ಯಾರು ಬಂದಾಳ? ಎಲ್ಲಿಗೆ?"

"ನೀನ. ನಿನ್ನೆಯಿಂದ ಹೊಗಿ ಕಾಣಾಕತ್ತೈತಿ. ಜೋಗವ್ವ ಬಂದಾಳ, ಇನ್ನೇನು ಹೆದರಿಕಿ ಇಲ್ಲ ಅಂತ ಎಲ್ಲಾರೂ ಕಟ್ಟಿದ ಗಂಟು ಬಿಚ್ಚ್ಯಾರ."

ಜೋಗಮ್ಮನ ಕೈಯಲ್ಲಿದ್ದ ಎಣ್ಣೆಬಟ್ಟಲು ಜಾರಿ ಬಿತ್ತು. ತಾನು ಲಿಂಗಸುಗೂರಿನಲ್ಲಿದ್ದೇನೆ ಎಂದು ಆಣೆ ಮಾಡಿದಳು, ಮೊಮ್ಮಗಳ ತಲೆ ಮುಟ್ಟಿ ಹೇಳಿದಳು. ರಾಜಾಬೀ ನಂಬಲಿಲ್ಲ. "ಹೊಗಿ ಸುಳ್ಳು ಹೇಳ್ತದೇನು?" ಎಂದಳು. ಅಷ್ಟಕ್ಕೆ ಫೋನು ಕಟ್ಟಾಯಿತು, ಮತ್ತೆ ಹತ್ತಲೇ ಇಲ್ಲ.

ಯಾರೋ ಬೀಗ ಒಡೆದು ಮನೆ ಹೊಕ್ಕಿದ್ದಾರೆ, ಕುರುಬರೋ, ಮೀನಿನವರೋ ಎಂದುಕೊಂಡು ಜೋಗಮ್ಮ ಸೆರಗು ಸಿಕ್ಕಿಸಿದಳು. ಸುಕನ್ಯಾ ಬಾಗಿಲಿಗೆ ಅಡ್ಡ ನಿಂತಳು.

"ಅತ್ತಿ, ನೀವ್ಯಾಕ ಹೋಗ್ತೀರಿ? ದಂಡ್ಯಾಗ ಪೊಲೀಸರು ಇರ್ತಾರ, ಅವರು ಕರಕೊಂಡು ಬರ್ತಾರ."

"ಪೊಲೀಸರ ಮಾತು ಕೇಳೂದಿಲ್ಲವ್ವಾ ಅವರು. ಹೊಗಿ ಮಾತು ಕೇಳ್ತಾರ. ಅದನ್ನ ಆರಿಸಿ ಬರ್ತೀನಿ."

ಗುರುಗುಂಟಾ ತನಕ ಬಸ್ಸು, ಅಲ್ಲಿಂದ ದಂಡೆಗೆ ಟಂಟಂ ಆಟೋ. ದಂಡೆಯಲ್ಲಿ ಜೀಪು ನಿಂತಿತ್ತು, ಮೈಕು ಕೂಗುತ್ತಿತ್ತು. ಸರ್ಕಾರದ ದೋಣಿಯವರು ಎರಡು ಸಲ ಹೋಗಿ ಕೈಮುಗಿದು ಕರೆದರೂ ಗಡ್ಡಿಯಿಂದ ಒಬ್ಬರೂ ಎದ್ದು ಬಂದಿರಲಿಲ್ಲವಂತೆ. ಈಗ ಅವರು ಇನ್ನೊಂದು ಗಡ್ಡಿಗೆ ಹೋಗಿದ್ದರು. ಹರಿಗೋಲಿನ ಹುಲಿಗೇಶ ಹುಟ್ಟು ಹಿಡಿದು ಕೂತಿದ್ದವನು ಜೋಗಮ್ಮನನ್ನು ಕಂಡು ಎದ್ದು ನಿಂತ.

"ಯವ್ವಾ, ನೀ ಯಾವಾಗ ಈ ಕಡಿ ಬಂದಿ? ಯಾರು ದಾಟಿಸಿದ್ರು ನಿನ್ನ?"

"ನಾ ಆ ಕಡಿ ಹೋಗೇ ಇಲ್ಲಪ್ಪಾ, ಲಿಂಗಸೂರಿಂದ ಬಂದೀನಿ."

ಹುಲಿಗೇಶ ತಲೆಯೆತ್ತಿ ಗಡ್ಡಿಯ ಕಡೆ ನೋಡಿದ. ಅವಳೂ ನೋಡಿದಳು. ದಿಬ್ಬದ ಮೇಲೆ ಅವಳ ಮನೆ, ಮಾಳಿಗೆಯ ಬೆಳಕಿಂಡಿಯಿಂದ ಬೂದು ಹೊಗೆ ಏಳುತ್ತಿತ್ತು. ದಂಡೆಯಲ್ಲಿ ಗಾಳಿಗೆ ಸೆರಗು ನಿಲ್ಲುತ್ತಿರಲಿಲ್ಲ. ಅಲ್ಲಿ ಹೊಗೆ ಮಾತ್ರ ಕದಲದೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಹುಲಿಗೇಶ ಹರಿಗೋಲು ನೀರಿಗಿಳಿಸಿದ.

ಅವತ್ತು ಹೊಳೆಗೆ ಸದ್ದಿರಲಿಲ್ಲ. ಬಂಡೆಗಳಿಗೆ ಬಡಿದು ಮೂರು ಹೊತ್ತೂ ಭೋರೆನ್ನುವ ಹೊಳೆ ಅದು. ಬಂಡೆಗಳೆಲ್ಲ ಮುಳುಗಿದ ಮೇಲೆ ಬಡಿಯುವುದಕ್ಕೆ ಏನೂ ಉಳಿಯದೆ ಮೌನವಾಗಿ ಅಗಲವಾಗುತ್ತಿತ್ತು. ಕೆಂಪು ನೀರಿನಲ್ಲಿ ಬೇರುಸಮೇತ ಒಂದು ಬೇವಿನ ಮರ ತೇಲಿಹೋಯಿತು. ಅದರ ಕೊಂಬೆಯಲ್ಲಿ ಕಾಗೆಗಳು ಕೂತಿದ್ದವು, ಒಂದೂ ಕೂಗಲಿಲ್ಲ. ಜೋಗಮ್ಮನಿಗೆ ಹೊಟ್ಟೆ ಕಲಸಿತು. ಈ ಸಲ ಪುಂಡಿಪಲ್ಯದ ಮೇಲೆ ಹಾಕುವ ಹಾಗಿರಲಿಲ್ಲ.

ಕಟ್ಟೆಯಲ್ಲಿ ಇಳಿದದ್ದೇ ತಡ, ಜನ ನಗುತ್ತ ಸುತ್ತುವರಿದರು. ಕೋಲೂರಿಕೊಂಡು ಕುಂಟುತ್ತ ಬಂದ ಲಾಲ್‌ಸಾಬ್ ಎಲ್ಲರಿಗೂ ಕೇಳುವಂತೆ ಹೇಳಿದ. "ನೋಡ್ರಿ, ನಾ ಹೇಳಿರಲಿಲ್ಲೇನು, ಜೋಗವ್ವ ಇಲ್ಲೇ ಅದಾಳ ಅಂತ!"

"ನಾ ಈಗ ಬಂದೀನೋ ಮಾರಾಯಾ! ಹುಲಿಗೇಶಗ ಕೇಳ್ರಿ."

"ಆತು ಬಿಡು. ಮುಂಜಾನಿ ಹೋಗಿ ಈಗ ಬಂದಿರಬೇಕು."

ಅಯ್ಯೋ ಕರ್ಮವೇ! ಅವರನ್ನು ಹೊರಡಿಸಲು ಬಂದದ್ದೇ ಅವರು ಉಳಿಯುವುದಕ್ಕೆ ಸಾಕ್ಷಿಯಾಗಿತ್ತು. ಅವಳು ಬೈದಳು, ಅತ್ತಳು, ನೀರು ತೋರಿಸಿದಳು. ಅವರು ಅವಳ ಬೆನ್ನಹಿಂದಿನ ಹೊಗೆಯನ್ನು ನೋಡುತ್ತಿದ್ದರು. ರಾಜಾಬೀ ಅವಳ ಕೈ ಹಿಡಿದು, "ಮೊದಲ ಛಾ ಕುಡಿ ಬಾ, ಆಮ್ಯಾಲೆ ಬೈಯ್ಯಂತಿ" ಎಂದಳು. ಜೋಗಮ್ಮ ಕೈ ಕೊಸರಿಕೊಂಡು ದಿಬ್ಬ ಹತ್ತಿದಳು.

ಬೀಗ ಅವಳು ಹಾಕಿದ ಹಾಗೆಯೇ ಇತ್ತು. ಒಳಗೆ ತುಕ್ಕು ಹಿಡಿದು ಕೀಲಿ ತಿರುಗಲು ಒದ್ದಾಡಿತು. ಬಾಗಿಲು ತೆಗೆದರೆ ಹೊಗೆಯ ವಾಸನೆಯೇ ಇಲ್ಲ, ಮುಚ್ಚಿದ ಮನೆಯ ಮುಗ್ಗಲು ವಾಸನೆ ಅಷ್ಟೇ. ಒಲೆಯ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಕೈಯಿಟ್ಟು ನೋಡಿದಳು, ತಣ್ಣಗಿತ್ತು. ಆದರೆ ಗೂಟಕ್ಕೆ ತೂಗಿಹಾಕಿದ್ದ ಮಣೆ ಗೂಟದಲ್ಲಿರಲಿಲ್ಲ. ಅದು ಒಲೆಯ ಮುಂದೆ ಇತ್ತು. ಜೋಗಮ್ಮ ಹುಚ್ಚಿಯ ಹಾಗೆ ಹೊರಗಿನ ಹರವಿಯಲ್ಲಿದ್ದ ಮಳೆನೀರು ತಂದು ತಣ್ಣನೆಯ ಒಲೆಗೆ ಸುರಿದಳು. ಅಂಗಳಕ್ಕೆ ಬಂದು ತಲೆಯೆತ್ತಿದಳು. ಮಾಳಿಗೆಯ ಮೇಲೆ ಹೊಗೆ ಮೊದಲಿನ ಹಾಗೆಯೇ ಏಳುತ್ತಿತ್ತು.

ಅವಳು ಅಂಗಳದಲ್ಲೇ ಕೂತುಬಿಟ್ಟಳು. ಓಡಿಹೋಗಬೇಕು ಅನ್ನಿಸಿತು, ಮಗನ ಮನೆಯ ಗ್ಯಾಸಿನ ಮುಂದೆ ಹೋಗಿ ಕೂರಬೇಕು ಅನ್ನಿಸಿತು. ಕೆಳಗೆ ರಾಜಾಬೀಯ ಹಿತ್ತಲಿಗೆ ನೀರು ಬಂದು ನಿಂತದ್ದು ಕಂಡಿತು. ಆ ಹುಚ್ಚು ಹೆಂಗಸು ನೀರಿಗೆ ಬೆನ್ನು ಮಾಡಿ ಛಾ ಸೋಸುತ್ತಿದ್ದಳು. ಹೊಗೆ ಆರಿಸಲು ತನ್ನಿಂದ ಆಗದು, ಅದರ ಮೇಲಿನ ನಂಬಿಕೆಯನ್ನಾದರೂ ಆರಿಸಬೇಕು ಎಂದು ಜೋಗಮ್ಮ ಎದ್ದಳು. ಬಾಗಿಲಿಗೆ ಮತ್ತೆ ಬೀಗ ಹಾಕಿ ನೇರ ಕಟ್ಟೆಗೆ ಹೋಗಿ ಹರಿಗೋಲಿನಲ್ಲಿ ಕೂತಳು.

"ಹುಲಿಗೇಶ, ನೀರಿನ ನಡುವಕ್ಕ ಒಯ್ಯಿ. ಎಲ್ಲಾರಿಗೂ ಕಾಣೂವಂಗ ನಿಲ್ಲಿಸು."

ಅವನು ಒಯ್ದ. ಜೋಗಮ್ಮ ಹರಿಗೋಲಿನಲ್ಲಿ ಎದ್ದು ನಿಂತು, ಸೆರಗು ಜಾರಿದ್ದೂ ಲೆಕ್ಕವಿಲ್ಲದೆ, ಗಂಟಲು ಹರಿಯುವ ಹಾಗೆ ಕೂಗಿದಳು.

"ಏ ಜಾಲಿಗಡ್ಡಿಯವರಾ! ನಾ ಇಲ್ಲಿ ಅದೀನಿ! ಮನಿಗೆ ಬೀಗ ಹಾಕೀನಿ, ಕೀಲಿ ನನ್ನ ಕೈಯಾಗ ಐತಿ, ನೋಡ್ರಿ! ಮತ್ತ ಅಲ್ಲಿ ಒಲಿ ಹಚ್ಚಿದಾಕಿ ಯಾರಂತ ಹೇಳ್ರಿ!"

ಜನ ಅವಳನ್ನು ನೋಡಿದರು. ಹೊಗೆಯನ್ನು ನೋಡಿದರು. ಮತ್ತೆ ಅವಳನ್ನು ನೋಡಿದರು. ನಗು ಒಬ್ಬೊಬ್ಬರ ಮುಖದಿಂದ ಇಳಿದುಹೋಯಿತು. ಯಾರದೋ ಕೈಯ ಕೊಡ ಕೆಳಗೆ ಬಿತ್ತು. ಆಮೇಲೆ ನೋಡಬೇಕಿತ್ತು! ನೀರಿಗೆ ಹೆದರಿ ಯಾವತ್ತೂ ಹಾಗೆ ಓಡಿದವರಲ್ಲ. ಗಂಟು ಬೇಡ, ಪಾತ್ರೆ ಬೇಡ, ಮೇಕೆಯ ಹಗ್ಗ ಕೊಯ್ದು ಬಿಟ್ಟು, ಮಕ್ಕಳನ್ನು ಎತ್ತಿಕೊಂಡು ಕಟ್ಟೆಗೆ ನುಗ್ಗಿದರು. ಹುಲಿಗೇಶ ತುಂಬಿಸಿಕೊಂಡು ಹೋದ, ಖಾಲಿ ಮಾಡಿ ಬಂದ, ಮತ್ತೆ ತುಂಬಿಸಿದ. ಅಷ್ಟರಲ್ಲಿ ಸರ್ಕಾರದ ದೋಣಿಯೂ ಬಂತು. ಕಡೆಗೆ ಲಾಲ್‌ಸಾಬನನ್ನು ಎತ್ತಿ ಹರಿಗೋಲಿಗೆ ಹಾಕಿದಾಗ ಜೋಗಮ್ಮ ಸುತ್ತ ನೋಡಿದಳು. ರಾಜಾಬೀ ಇರಲಿಲ್ಲ.

"ಎಲ್ಲಿ ಹೋದ್ಲು?"

ಲಾಲ್‌ಸಾಬ್ ಕೋಲೆತ್ತಿ ದಿಬ್ಬ ತೋರಿಸಿದ. "ಯಾರೋ ಪಾಪ ಒಬ್ಬಾಕಿನ ಕುಂತಾಳ, ಬಿಟ್ಟು ಹೆಂಗ ಹೋಗೂದು, ಕರಕೊಂಡು ಬರ್ತೀನಿ ಅಂತ ಹೋದ್ಲು. ಮಾತು ಕೇಳಲಿಲ್ಲವ್ವಾ."

ಎಲ್ಲರಿಗೂ ದೆವ್ವ ಕಂಡ ಕಡೆ ಅವಳಿಗೆ ಒಬ್ಬ ಒಂಟಿ ಹೆಂಗಸು ಕಂಡಿದ್ದಳು! ಜೋಗಮ್ಮ ಹರಿಗೋಲಿನಿಂದ ಧುಮುಕಿದಳು. ಕಟ್ಟೆಗೂ ದಿಬ್ಬಕ್ಕೂ ನಡುವಿನ ತಗ್ಗಿನಲ್ಲಿ ನೀರು ಮೊಣಕಾಲು ದಾಟಿತ್ತು. ಸೀರೆ ಎತ್ತಿಕಟ್ಟಿ, ಅತ್ತೆಯನ್ನೂ ದೇವರನ್ನೂ ಒಟ್ಟಿಗೆ ಬೈಯುತ್ತ ದಾಟಿದಳು. ಅವಸರದಲ್ಲಿ ಅವಳೇ ಹಾಕಿದ ಬೀಗ ಮನೆಯ ಬಾಗಿಲಲ್ಲಿ ತೂಗುತ್ತಿತ್ತು. ಪಕ್ಕದ ಕಿಟಕಿಯ ಬಾಗಿಲು ತೆರೆದಿತ್ತು. ರಾಜಾಬೀ ಆ ಕಿಟಕಿಯ ಸರಳು ಹಿಡಿದು ಒಳಗೆ ನೋಡುತ್ತ, ಮುನಿಸಿಕೊಂಡ ಬೀಗಿತ್ತಿಯನ್ನು ಊಟಕ್ಕೆ ಎಬ್ಬಿಸುವ ದನಿಯಲ್ಲಿ ಮಾತಾಡುತ್ತಿದ್ದಳು.

"ಏಳ್ರಿ ಅಮ್ಮಾ, ನೀರು ಬಂದೈತಿ. ಎಷ್ಟಂತ ಊದ್ತೀರಿ ಅದನ್ನ? ಆಚಿ ದಂಡ್ಯಾಗ ನಾ ಮಾಡಿ ಹಾಕ್ತೀನಿ, ಏಳ್ರಿ."

ಜೋಗಮ್ಮ ಕಿಟಕಿಯ ಕಡೆ ನೋಡಲಿಲ್ಲ. ನೋಡಿದರೆ ಮುಗಿಯಿತು ಎಂದು ಅವಳ ಹೊಟ್ಟೆಯೇ ಹೇಳಿತು. ಕಣ್ಣು ನೆಲಕ್ಕೆ ನೆಟ್ಟು, ಗೆಳತಿಯ ರಟ್ಟೆ ಹಿಡಿದು ದರದರ ಎಳೆದಳು. ರಾಜಾಬೀ ತಿರುಗಿ ತಿರುಗಿ ಕರೆಯುತ್ತಲೇ ಇದ್ದಳು. ತಗ್ಗಿನ ನೀರು ಈಗ ಸೊಂಟಕ್ಕೆ ಬಂದಿತ್ತು. ಹುಲಿಗೇಶ ಹಗ್ಗ ಎಸೆದು ಇಬ್ಬರನ್ನೂ ಎಳೆದುಕೊಂಡ.

ದಂಡೆ ಹತ್ತಿರವಾದಾಗ ಜೋಗಮ್ಮ ಮೆಲ್ಲಗೆ ಕೇಳಿದಳು.

"ಯಾರಿದ್ರು ರಾಜಾ, ಒಳಗ?"

"ಮಾರಿ ಕಾಣಲಿಲ್ಲ, ಬೆನ್ನು ಕಾಣ್ತು. ಒಲಿ ಊದಾಕತ್ತಿದ್ಲು." ರಾಜಾಬೀ ಸೆರಗಿನ ನೀರು ಹಿಂಡಿದಳು. "ನಿನ್ನ ಬೆನ್ನ ಇದ್ದಂಗಿತ್ತು. ಅದಕ್ಕ ಬಿಟ್ಟು ಬರಾಕ ಮನಸ್ಸಾಗಲಿಲ್ಲ."

ಸಂಜೆಯೊಳಗೆ ಕೆಳಗಿನ ಮನೆಗಳೆಲ್ಲ ನೀರಲ್ಲಿ ಮುಳುಗಿದವು. ಜನರಲ್ಲಿ ಒಬ್ಬರ ಜೀವವೂ ಹೋಗಲಿಲ್ಲ. ದಿಬ್ಬದ ಮನೆಯ ಸುತ್ತ ಬರೀ ನೀರು, ನಡುವೆ ಆ ಹೊಗೆ. ಬೆಳಕಿರುವ ತನಕ ದಂಡೆಯಲ್ಲಿದ್ದವರೆಲ್ಲ ಅದನ್ನು ನೋಡಿದರು. ಸಾಲಿಯ ಕೋಣೆಯಲ್ಲಿ ಉಪ್ಪಿಟ್ಟು ಕೊಟ್ಟರು. ಈ ಸಲ ಯಾರೂ ಅದಕ್ಕೆ ಹೆಸರಿಡಲಿಲ್ಲ.

ಹೊಳೆ ಇಳಿದ ಮೇಲೆ ಗಡ್ಡಿಯವರು ಒಬ್ಬೊಬ್ಬರಾಗಿ ಹಿಂದಕ್ಕೆ ಹೋದರು. ಹೊಲ ಅಲ್ಲಿದೆ, ದಿಬ್ಬ ಹತ್ತಿ ಬದುಕಿದ ಮೇಕೆ ಅಲ್ಲಿವೆ, ಹೋಗದೆ ಏನು ಮಾಡಿಯಾರು? ಭಯ ಎರಡು ವಾರ ಇತ್ತು, ಆಮೇಲೆ ಹೊಟ್ಟೆಪಾಡಿನಲ್ಲಿ ಕರಗಿತು. ಒಂದು ದಿನ ರಾಜಾಬೀ ಫೋನು ಮಾಡಿ, ಹೊಗೆ ದಿನಾ ಏಳುತ್ತಿದೆ, ಈಗ ಯಾರಿಗೂ ಹೆದರಿಕೆಯಿಲ್ಲ, ಹೊಗೆ ಇದ್ದರೆ ಒಂಥರಾ ಧೈರ್ಯ ಅಂತಾರೆ ಜನ ಎಂದಳು. ಆ ಮಾತು ಕೇಳಿದ ಜೋಗಮ್ಮ ಟ್ರಂಕು ತೆಗೆದು ಸೀರೆ ಮಡಚತೊಡಗಿದಳು.

ದುರುಗೇಶ ಡ್ಯೂಟಿ ಮುಗಿಸಿ ಬಂದವನು ಟ್ರಂಕು ನೋಡಿ ರೇಗಿದ. "ಹುಚ್ಚು ಹಿಡಿದೈತೇನಬೇ ನಿನಗ? ಇಷ್ಟೆಲ್ಲ ಆದ ಮ್ಯಾಗ ಮತ್ತ ಅಲ್ಲಿಗೆ ಹೋಗ್ತೀನಂತಿ? ಇಲ್ಲಿ ನಿನಗೇನು ಕಮ್ಮಿ ಮಾಡೀವಿ?"

"ಏನೂ ಕಮ್ಮಿ ಮಾಡಿಲ್ಲೋ ಯಪ್ಪಾ." ಮೊಮ್ಮಗಳನ್ನು ಎತ್ತಿ ಮುದ್ದಿಟ್ಟು ಸುಕನ್ಯಾಳ ಕೈಗೆ ಕೊಟ್ಟಳು. ಅವಳ ಕಣ್ಣು ತುಂಬಿತ್ತು. "ಅಲ್ಲಿ ರಾಜಾಬೀ ಅದಾಳ. ಆಕಿ ಇನ್ನೂ ಹೊಗಿ ನೋಡೇ ಇರತಾಳ."

"ಹೊಗಿ ಹೆಂಗೂ ಏಳಾಕತ್ತೈತೆಲ್ಲ. ನೀ ಹೋಗಿ ಮಾಡೂದೇನೈತಿ?"

ಜೋಗಮ್ಮ ಟ್ರಂಕಿನ ಮುಚ್ಚಳ ಒತ್ತಿ ಚಿಲಕ ಹಾಕಿದಳು.

"ಆ ಒಲಿ ಮುಂದ ಕುಂತಾಕಿಗೆ ಹಚ್ಚೂದು ಗೊತ್ತೈತಿ ದುರುಗ್ಯಾ. ಆರಿಸೂದು ಗೊತ್ತಿಲ್ಲ."